ಪಟಿಯಾಲ ಹೌಸ್‌ನಲ್ಲಿ ಮೌನ, ಚಿಕ್ಕಮಗಳೂರಿನಲ್ಲಿ ಮಾತು: ಮಾಜಿ ಪ್ರಧಾನಿಯೊಬ್ಬರ ಸಮರ್ಥನೆಯ ಪ್ರಕರಣ ಅಧ್ಯಯನ

ಅಧಿಕಾರ ಹೋದ ಮೇಲೆ ನಾಯಕರು ತಮ್ಮ ಆಡಳಿತವನ್ನು ಸಮರ್ಥಿಸಿಕೊಳ್ಳುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ. ಆತ್ಮಕಥೆ ಬರೆಯುತ್ತಾರೆ, ಸಂದರ್ಶನ ಕೊಡುತ್ತಾರೆ, ಊರೂರು ಸುತ್ತಿ ಭಾಷಣ ಮಾಡುತ್ತಾರೆ. ಆದರೆ ಅಧಿಕಾರದಲ್ಲಿದ್ದಾಗ ಮಾಡಿದ ಒಂದೇ ಒಂದು ನಿರ್ಧಾರದ ಬಗ್ಗೆ ಮಾಜಿ ಪ್ರಧಾನಿಯನ್ನು ಆಯೋಗದ ಮುಂದೆ ಕರೆದು, ಪ್ರಮಾಣ ಮಾಡಿ ಉತ್ತರ ಹೇಳಿ ಅಂತ ಕೇಳಿದ ಉದಾಹರಣೆ ನಮ್ಮಲ್ಲಿ ತೀರಾ ಕಡಿಮೆ. 1975ರ ತುರ್ತುಪರಿಸ್ಥಿತಿಯ ಬಗ್ಗೆ 1977ರಿಂದ 1980ರವರೆಗೆ ಇಂದಿರಾ ಗಾಂಧಿಯವರ ವಿಷಯದಲ್ಲಿ ನಡೆದದ್ದು ಅಂಥದ್ದು. ವಿಚಾರಣಾ ಆಯೋಗಗಳ ಬಗ್ಗೆ ಓದುವವರು, ಆಡಳಿತದಲ್ಲಿ ಕೆಲಸ ಮಾಡುವವರು, ಪತ್ರಕರ್ತರು ಇದನ್ನು ವಿವರವಾಗಿ ನೋಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೆಸರುಗಳ ಬಗ್ಗೆ ಒಂದು ಮಾತು. ಪ್ರಧಾನಿ, ರಾಷ್ಟ್ರಪತಿ, ಆಯೋಗದ ಅಧ್ಯಕ್ಷರು, ಚುನಾವಣೆಗೆ ನಿಂತವರು ಇವರೆಲ್ಲ ಇತಿಹಾಸದ ಭಾಗ. ಅವರ ಹೆಸರು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಾಕ್ಷಿ ಹೇಳಿದ ಅಧಿಕಾರಿಗಳು, ದೂರು ಕೊಟ್ಟವರು, ಕಷ್ಟ ಅನುಭವಿಸಿದ ಸಾಮಾನ್ಯ ಜನ ಇವರ ಹೆಸರುಗಳನ್ನು ಪೂರ್ತಿ ಬಿಟ್ಟಿದ್ದೇನೆ. ಅವರು ಯಾವ ಹುದ್ದೆಯಲ್ಲಿದ್ದರು, ಏನು ಮಾಡಿದರು ಅನ್ನುವುದಷ್ಟೇ ನಮಗೆ ಬೇಕಾದದ್ದು.

ಹಿನ್ನೆಲೆ

1975ರ ಜೂನ್ 12. 1971ರ ರಾಯ್‌ಬರೇಲಿ ಚುನಾವಣೆಯಲ್ಲಿ ಇಂದಿರಾ ಅವರು ಸರ್ಕಾರಿ ನೌಕರರ ನೆರವು ಪಡೆದು ಅಕ್ರಮ ಮಾಡಿದ್ದಾರೆ ಎಂದು ಅಲಹಾಬಾದ್ ಹೈಕೋರ್ಟ್ ತೀರ್ಪು ಕೊಟ್ಟಿತು. ಆಯ್ಕೆ ರದ್ದಾಯಿತು, ಜೊತೆಗೆ ಆರು ವರ್ಷ ಸ್ಪರ್ಧಿಸುವ ಹಾಗಿಲ್ಲ ಎಂದಾಯಿತು. ಗುಜರಾತ್ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಹಿನ್ನಡೆಯಾದ ಸುದ್ದಿ ಬಂದದ್ದೂ ಆಗಲೇ. ಜೂನ್ 24ರಂದು ಸುಪ್ರೀಂ ಕೋರ್ಟ್ ಷರತ್ತಿನ ತಡೆಯಾಜ್ಞೆ ಕೊಟ್ಟಿತು: ಪ್ರಧಾನಿಯಾಗಿ ಮುಂದುವರಿಯಬಹುದು, ಆದರೆ ಲೋಕಸಭೆಯಲ್ಲಿ ಮತ ಹಾಕುವ ಹಾಗಿಲ್ಲ. ಮರುದಿನ ಸಂಜೆ ದೆಹಲಿಯ ರಾಮಲೀಲಾ ಮೈದಾನದಲ್ಲಿ ವಿರೋಧಿ ಚಳವಳಿಯ ನಾಯಕ ಜಯಪ್ರಕಾಶ ನಾರಾಯಣರ (ಜೆಪಿ) ದೊಡ್ಡ ಸಭೆ ನಡೆಯಿತು. ಅದೇ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು.

ಅದು 21 ತಿಂಗಳು ನಡೆಯಿತು. ವಿಚಾರಣೆಯಿಲ್ಲದೆ ಬಂಧಿಸಲು ಬಿಡುವ ಮೀಸಾ ಕಾಯ್ದೆಯಡಿ 34,988 ಜನರನ್ನು, ಭಾರತ ರಕ್ಷಣಾ ನಿಯಮಗಳಡಿ 75,818 ಜನರನ್ನು ಹಿಡಿದಿದ್ದರು ಎಂದು ಮುಂದೆ ನೇಮಕವಾದ ಶಾ ಆಯೋಗದ ಲೆಕ್ಕ ಹೇಳುತ್ತದೆ. ಪತ್ರಿಕೆಗಳಿಗೆ ಸೆನ್ಸಾರ್ ಬಂತು. ಎರಡು ವರ್ಷಗಳಲ್ಲಿ ಒಂದು ಕೋಟಿಗೂ ಜಾಸ್ತಿ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಇಟ್ಟುಕೊಂಡಿದ್ದ ಗುರಿಯೇ ಸುಮಾರು 67 ಲಕ್ಷ. ಉತ್ತರ ಭಾರತದ ಹಳ್ಳಿಗಳಲ್ಲಿ ಇದಕ್ಕೆ ಹೆದರಿ ಗಂಡಸರು ರಾತ್ರಿ ಹೊಲಗಳಲ್ಲಿ ಅಡಗಿದ ಕಥೆಗಳು ಇವತ್ತಿಗೂ ಇವೆ.

1977ರ ಮಾರ್ಚ್‌ನಲ್ಲಿ ಚುನಾವಣೆ. ಇಂದಿರಾ ಅವರು ರಾಯ್‌ಬರೇಲಿಯಲ್ಲಿ ರಾಜ್‌ನಾರಾಯಣ್ ಎದುರು ಸುಮಾರು 55 ಸಾವಿರ ಮತಗಳಿಂದ ಸೋತರು. ಕಾಂಗ್ರೆಸ್ಸಿಗೆ ಸಿಕ್ಕಿದ್ದು 154 ಸ್ಥಾನ. ಆದರೆ ಕರ್ನಾಟಕದಲ್ಲಿ 28ರಲ್ಲಿ 26 ಗೆದ್ದರು. ಈ ಸಂಖ್ಯೆ ನೆನಪಿನಲ್ಲಿರಲಿ, ಮುಂದಿನ ಅರ್ಧ ಕಥೆ ಇದರ ಮೇಲೆಯೇ ನಿಂತಿದೆ.

ಒಂದು ರಾತ್ರಿ, ಒಂದು ಪತ್ರ

ಇಡೀ ಪ್ರಕರಣದ ಕೇಂದ್ರದಲ್ಲಿ ಒಂದು ಚಿಕ್ಕ ಪತ್ರವಿದೆ. ಜೂನ್ 25ರ ರಾತ್ರಿ ಪ್ರಧಾನಿಯಿಂದ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರಿಗೆ ಹೋದ ಪತ್ರ. ಅದರ ಸಾರ ಇಷ್ಟು: ಆಂತರಿಕ ಗಲಭೆಯಿಂದ ದೇಶದ ಭದ್ರತೆಗೆ ಸದ್ಯದಲ್ಲೇ ಅಪಾಯ ಇದೆ ಎಂದು ಮಾಹಿತಿ ಬಂದಿದೆ. ವಿಷಯವನ್ನು ಸಂಪುಟದ ಮುಂದೆ ಇಡಬೇಕಿತ್ತು, ಇವತ್ತು ರಾತ್ರಿ ಅದು ಆಗುವುದಿಲ್ಲ. ಹಾಗಾಗಿ ಸರ್ಕಾರದ ಕಾರ್ಯಕಲಾಪ ನಿಯಮಗಳ 12ನೇ ನಿಯಮ ಕೊಟ್ಟಿರುವ ಅಧಿಕಾರ ಬಳಸಿ ನಾನೇ ವಿನಾಯಿತಿ ತೆಗೆದುಕೊಳ್ಳುತ್ತಿದ್ದೇನೆ. ನಾಳೆ ಬೆಳಿಗ್ಗೆ ಮೊದಲ ಕೆಲಸವಾಗಿ ಸಂಪುಟಕ್ಕೆ ತಿಳಿಸುತ್ತೇನೆ.

ಹನ್ನೆರಡು ಗಂಟೆಗೆ ಸ್ವಲ್ಪ ಮುಂಚೆ ರಾಷ್ಟ್ರಪತಿಗಳು ಸಹಿ ಮಾಡಿದರು. ಅಷ್ಟೊತ್ತಿಗೆ ದೆಹಲಿಯ ಬಹದ್ದೂರ್ ಶಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳ ಕರೆಂಟು ತೆಗೆಸುವುದಕ್ಕೆ ಆದೇಶ ಹೋಗಿತ್ತು. ಬಂಧಿಸಬೇಕಾದವರ ಪಟ್ಟಿಗಳೂ ತಯಾರಾಗಿದ್ದವು. ಬೆಳಿಗ್ಗೆ ಆರಕ್ಕೆ ಸಂಪುಟ ಸೇರಿತು. ಮಂತ್ರಿಗಳಿಗೆ ಸಭೆಯ ಸುದ್ದಿ ಮುಟ್ಟಿದ್ದು ಹೆಚ್ಚೂಕಡಿಮೆ ಒಂದೂವರೆ ಗಂಟೆ ಮೊದಲು. ಆಗಿಹೋದ ಕೆಲಸಕ್ಕೆ ಅವರು ಒಪ್ಪಿಗೆ ಕೊಟ್ಟರು.

ಅದೇ ಬೆಳಿಗ್ಗೆ ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧನಕ್ಕೊಳಗಾದರು. ಪಕ್ಷಾಂತರ ಕುರಿತ ಸಂಸದೀಯ ಸಮಿತಿಯ ಸಭೆಗೆ ಅಂತ ಅವರು ಇಲ್ಲಿಗೆ ಬಂದಿದ್ದರು. ಸೀದಾ ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹೋದರು.

ಸಮಸ್ಯೆ

1977ರ ಮಾರ್ಚ್‌ನಲ್ಲಿ ಬಂದ ಮೊರಾರ್ಜಿ ದೇಸಾಯಿ ಸರ್ಕಾರದ ಮುಂದೆ ಕಷ್ಟದ ಪ್ರಶ್ನೆ ಇತ್ತು. ಜನ ಮತ ಹಾಕಿ ಸೋಲಿಸಿದ್ದಾರೆ, ಅದು ಸಾಕಾ? ಸಾಲದು ಅಂತಾದರೆ ಮುಂದೇನು? ಕ್ರಿಮಿನಲ್ ಕೇಸು ಹಾಕಬೇಕಾ, ವಿಚಾರಣಾ ಆಯೋಗ ನೇಮಿಸಬೇಕಾ, ಸಂಸತ್ತಿನಲ್ಲೇ ಚರ್ಚೆ ಮಾಡಬೇಕಾ?

ಇಂದಿರಾ ಅವರ ಕಡೆಯ ಸಮಸ್ಯೆ ಇನ್ನೊಂದು ಥರದ್ದು. ಅವರ ಸಮರ್ಥನೆಯಲ್ಲಿ ಹುರುಳೇ ಇಲ್ಲ ಅನ್ನುವ ಹಾಗಿರಲಿಲ್ಲ. 1974ರ ರೈಲ್ವೆ ಮುಷ್ಕರ ದೇಶವನ್ನು ಅಲುಗಾಡಿಸಿತ್ತು. ಗುಜರಾತ್, ಬಿಹಾರದ ಚಳವಳಿಗಳು ವಿಧಾನಸಭೆಗಳನ್ನೇ ವಿಸರ್ಜಿಸಿ ಅಂತ ಪಟ್ಟು ಹಿಡಿದಿದ್ದವು. 1975ರ ಜನವರಿಯಲ್ಲಿ ಕೇಂದ್ರ ರೈಲ್ವೆ ಮಂತ್ರಿ ಬಾಂಬ್ ಸ್ಫೋಟದಲ್ಲಿ ಸತ್ತಿದ್ದರು. ಕಾನೂನುಬಾಹಿರ ಆದೇಶಗಳನ್ನು ಪಾಲಿಸಬೇಡಿ ಎಂದು ಜೆಪಿ ಪೊಲೀಸರಿಗೂ ಸೇನೆಗೂ ಹೇಳಿದ್ದರು. ಇವೆಲ್ಲ ಸೇರಿ ದೇಶ ಕುಸಿಯುತ್ತಿತ್ತು, ನಾನು ತಡೆದೆ ಎನ್ನುವುದು ಅವರ ವಾದ. ತುರ್ತುಪರಿಸ್ಥಿತಿ ಘೋಷಿಸಲು ಅವಕಾಶ ಕೊಡುವ ಸಂವಿಧಾನದ 352ನೇ ವಿಧಿ ಇದ್ದದ್ದೇ ಇಂಥ ಹೊತ್ತಿಗೆ, ಸಂಸತ್ತು ಒಪ್ಪಿದೆ, ಇನ್ನೇನು ಕೇಳುತ್ತೀರಿ ಎನ್ನುವುದು ಇನ್ನೊಂದು.

ಇವು ಎರಡು ಬೇರೆ ಬೇರೆ ವಾದಗಳು ಅನ್ನುವುದನ್ನು ಗಮನಿಸಬೇಕು. ಅಪಾಯ ಇತ್ತು ಅನ್ನುವುದಕ್ಕೆ ಪುರಾವೆ ಕೊಡಬೇಕಾಗುತ್ತದೆ. ಕಾನೂನಿನ ಪ್ರಕಾರವೇ ಮಾಡಿದ್ದೇನೆ ಅನ್ನುವವರಿಗೆ ಆ ಕಷ್ಟವಿಲ್ಲ. ಮೊದಲನೆಯದನ್ನು ಅವರು ಜನರ ಮುಂದೆ ಹೇಳಿದರು. ಆಯೋಗದ ಮುಂದೆ ಜಾಸ್ತಿ ನೆಚ್ಚಿಕೊಂಡದ್ದು ಎರಡನೆಯದನ್ನು.

ಆಯೋಗ ನೇಮಿಸಿದ್ದು, ನಡುವೆ ಅವಸರ ಮಾಡಿದ್ದು

1977ರ ಮೇ 28ರಂದು ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಶಾ ಅವರ ಆಯೋಗ ನೇಮಕವಾಯಿತು. ಆಧಾರ 1952ರ ವಿಚಾರಣಾ ಆಯೋಗಗಳ ಕಾಯ್ದೆ. ಇಂಥ ಆಯೋಗಕ್ಕೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಇರುತ್ತದೆ. ಶಿಕ್ಷೆ ಕೊಡುವ ಅಧಿಕಾರ ಇರುವುದಿಲ್ಲ. ಅದು ಸತ್ಯ ಏನೆಂದು ಹೇಳಬಹುದು, ಮುಂದಿನದು ಸರ್ಕಾರಕ್ಕೆ ಬಿಟ್ಟದ್ದು. ದೇಶದ ಮೂಲೆ ಮೂಲೆಯಿಂದ 48 ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ಸೆಪ್ಟೆಂಬರ್ ಕೊನೆಯಲ್ಲಿ ದೆಹಲಿಯ ಪಟಿಯಾಲ ಹೌಸ್‌ನಲ್ಲಿ ಬಹಿರಂಗ ವಿಚಾರಣೆ ಶುರುವಾಯಿತು.

ಮೊದಲ ದಿನಗಳಲ್ಲಿ ಹೊರಬಂದದ್ದು ನಿಜಕ್ಕೂ ಬೆಚ್ಚಿಬೀಳಿಸುವಂಥದ್ದು. ಹಿರಿಯ ಅಧಿಕಾರಿಗಳು ಒಬ್ಬರಾದ ಮೇಲೆ ಒಬ್ಬರು ಬಂದು, ಆದೇಶ ಬಾಯಿಮಾತಿನಲ್ಲಿ ಬಂತು, ಪ್ರಧಾನಿಯ ಮನೆಯಿಂದ ಬಂತು, ನಾವು ಪಾಲಿಸಿದೆವು ಎಂದರು. ಬಂಧನದ ಆದೇಶಕ್ಕೆ ಆಮೇಲೆ ಕಾರಣ ಹೊಂದಿಸಿದ್ದು, ಹಿಂದಿನ ತಾರೀಖು ಹಾಕಿದ್ದು ಇಂಥವೆಲ್ಲ ದಾಖಲೆ ಸಮೇತ ಬಯಲಾದವು. ಆಡಳಿತದಲ್ಲಿ ಇರುವವರು ಬೇರೇನೂ ಓದದಿದ್ದರೂ ಈ ಸಾಕ್ಷ್ಯಗಳನ್ನು ಓದಬೇಕು. ಬರವಣಿಗೆಯಲ್ಲಿ ಆದೇಶ ಕೊಡಿ ಅಂತ ಒಬ್ಬ ಅಧಿಕಾರಿ ಕೇಳಿದ್ದರೆ ಎಷ್ಟು ಜನ ಜೈಲಿಗೆ ಹೋಗುವುದು ತಪ್ಪುತ್ತಿತ್ತು ಅನ್ನಿಸಿ ಸಂಕಟವಾಗುತ್ತದೆ.

ಆದರೆ ವಿಚಾರಣೆ ಶುರುವಾದ ವಾರದೊಳಗೇ ಸರ್ಕಾರ ಒಂದು ಎಡವಟ್ಟು ಮಾಡಿತು. ಅಕ್ಟೋಬರ್ 3ರಂದು ಸಿಬಿಐ ಇಂದಿರಾ ಅವರನ್ನು ಬಂಧಿಸಿತು. ಆರೋಪಗಳು ತುರ್ತುಪರಿಸ್ಥಿತಿಗೆ ಸಂಬಂಧಿಸಿದವೇ ಅಲ್ಲ: ಚುನಾವಣೆಗೆ ಜೀಪುಗಳನ್ನು ಪಡೆದದ್ದು ಒಂದು, ತೈಲ ಶೋಧದ ಗುತ್ತಿಗೆ ಇನ್ನೊಂದು. ಕೈಕೋಳ ಹಾಕಿ ಅಂತ ಅವರು ಮನೆಯಲ್ಲೇ ಪಟ್ಟು ಹಿಡಿದರು. ಹರಿಯಾಣದ ಕಡೆ ಕರೆದೊಯ್ಯುವಾಗ ರೈಲ್ವೆ ಗೇಟ್ ಬಳಿ ಕಾರು ನಿಂತಿತು. ಇಳಿದು ಮೋರಿಯ ಮೇಲೆ ಕೂತರು, ದೆಹಲಿ ದಾಟಿ ಬರುವುದಿಲ್ಲ ಎಂದರು. ಮಾರನೆಯ ದಿನ ಮ್ಯಾಜಿಸ್ಟ್ರೇಟರು, ಬಂಧಿಸುವುದಕ್ಕೆ ಆಧಾರವಿಲ್ಲ ಎಂದು ಬಿಟ್ಟುಬಿಟ್ಟರು.

ಇದು ಮೊದಲ ತಿರುವು. ಆಯೋಗ ಒಂದೊಂದೇ ದಾಖಲೆ ಜೋಡಿಸುತ್ತಿದ್ದ ಹೊತ್ತಿನಲ್ಲಿ ಸರ್ಕಾರ ಗಡಿಬಿಡಿಯಲ್ಲಿ ದುರ್ಬಲ ಕೇಸು ತಂದಿತು. ಅಲ್ಲಿಯವರೆಗೆ ಜನರ ಮನಸ್ಸಿನಲ್ಲಿದ್ದ ಪ್ರಶ್ನೆ ಅವರು ಏನು ಮಾಡಿದರು ಎನ್ನುವುದು. ಅವತ್ತಿನಿಂದ ಅವರಿಗೆ ಏನು ಮಾಡುತ್ತಿದ್ದಾರೆ ಎನ್ನುವುದೂ ಸೇರಿಕೊಂಡಿತು. ಸೇಡು ಎಂಬ ಮಾತಿಗೆ ಜೀವ ಬಂತು.

ಪ್ರಮಾಣ ಮಾಡಲಿಲ್ಲ

ಆಯೋಗ ನವೆಂಬರ್‌ನಿಂದಲೇ ಅವರನ್ನು ಕರೆಯುತ್ತಿತ್ತು. ಅವರು ಲಿಖಿತ ಹೇಳಿಕೆ ಕಳಿಸಿದರು. ಆಯೋಗದ ವ್ಯಾಪ್ತಿಯೇ ಏಕಪಕ್ಷೀಯ, ತುರ್ತುಪರಿಸ್ಥಿತಿಗೆ ಕಾರಣವಾದ ಘಟನೆಗಳನ್ನು ಬಿಟ್ಟು ಅದರ ನಂತರದ್ದನ್ನಷ್ಟೇ ನೋಡುತ್ತಿದ್ದೀರಿ, ಸಂಸತ್ತು ಅನುಮೋದಿಸಿದ ಘೋಷಣೆಯ ಮೇಲೆ ತೀರ್ಪು ಕೊಡಲು ಯಾವ ಆಯೋಗಕ್ಕೂ ಹಕ್ಕಿಲ್ಲ ಎನ್ನುವುದು ಅದರ ತಿರುಳು.

1978ರ ಜನವರಿ 9ರಂದು ಅವರು ಖುದ್ದಾಗಿ ಬಂದರು. ಮೂರು ದಿನದ ಈ ಹಾಜರಾತಿಯ ಉದ್ದಕ್ಕೂ ಅವರು ಪ್ರಮಾಣ ಮಾಡಲಿಲ್ಲ. ಕೊಟ್ಟ ಕಾರಣಗಳು ಎರಡು. ಒಂದು, ಮಂತ್ರಿಯಾಗಿ ತೆಗೆದುಕೊಂಡ ಗೋಪ್ಯತೆಯ ಪ್ರಮಾಣ. ಇನ್ನೊಂದು, ಕಾಯ್ದೆಯ 8ಬಿ ಸೆಕ್ಷನ್. ಯಾರ ಹೆಸರಿಗೆ ಧಕ್ಕೆ ಬರಬಹುದೋ ಅವರಿಗೆ ತಮ್ಮ ಮಾತು ಹೇಳುವ ಅವಕಾಶ ಕೊಡುವ ಸೆಕ್ಷನ್ ಅದು. ಅದು ನನಗೆ ಕೊಟ್ಟ ಅವಕಾಶ, ಅದನ್ನೇ ಮುಂದಿಟ್ಟು ನನ್ನನ್ನು ಸಾಕ್ಷಿಕಟ್ಟೆ ಹತ್ತಿಸುವ ಹಾಗಿಲ್ಲ ಎಂದು ವಾದಿಸಿದರು. ಶಾ ಅವರು ಒಪ್ಪಲಿಲ್ಲ. ಪ್ರಮಾಣ ಮಾಡಲು, ಉತ್ತರಿಸಲು ನಿರಾಕರಿಸಿದ್ದಕ್ಕೆ ದಂಡ ಸಂಹಿತೆಯ 178 ಮತ್ತು 179ನೇ ಸೆಕ್ಷನ್‌ಗಳಡಿ ದೂರು ಕೊಡಿಸಿದರು.

ಆಯೋಗಕ್ಕೆ ಅವತ್ತು ಎರಡು ದಾರಿ ಇತ್ತು ಅಂತ ನನಗೆ ಅನ್ನಿಸುತ್ತದೆ. ಲಿಖಿತ ಹೇಳಿಕೆಯನ್ನೇ ತೆಗೆದುಕೊಂಡು, ಅದರ ಒಂದೊಂದು ಮಾತನ್ನೂ ದಾಖಲೆಗಳ ಪಕ್ಕಕ್ಕಿಟ್ಟು ಜನರ ಮುಂದೆ ಓದುವುದು ಒಂದು. ಕಾನೂನಿನ ಬಲದಿಂದ ಬಾಯಿ ಬಿಡಿಸಲು ನೋಡುವುದು ಇನ್ನೊಂದು. ಶಾ ಅವರು ಎರಡನೆಯದನ್ನು ಆರಿಸಿದರು. ಆ ಕ್ಷಣದಲ್ಲಿ ಅದು ಸಹಜ ನಿರ್ಧಾರವೇ. ಆದರೆ ಮರುದಿನದ ಪತ್ರಿಕೆಗಳಲ್ಲಿ ಜೂನ್ 25ರ ರಾತ್ರಿ ಹಿಂದೆ ಸರಿದು, ಪ್ರಮಾಣದ ಜಗಳ ಮುಂದೆ ಬಂತು. ಈ ಪ್ರಕರಣ ಮುಂದೆ ದೆಹಲಿ ಹೈಕೋರ್ಟಿನಲ್ಲಿ ಇಂದಿರಾ ಅವರ ಪರವಾಗಿಯೇ ತೀರ್ಮಾನವಾಯಿತು. ಅವರ ಮೌನಕ್ಕೆ ಕಾನೂನಿನ ಬೆಂಬಲವೂ ಸಿಕ್ಕ ಹಾಗಾಯಿತು.

ಆಯೋಗ ಏನು ಕಂಡಿತು

ಮಾರ್ಚ್ 11, ಏಪ್ರಿಲ್ 26, ಆಗಸ್ಟ್ 6. 1978ರಲ್ಲಿ ಮೂರು ಕಂತುಗಳಲ್ಲಿ ವರದಿ ಬಂತು. ಇಂದಿರಾ ಅವರು ಬಾಯಿ ಬಿಡದಿದ್ದರೂ ಕಾಗದಪತ್ರಗಳು ಮಾತಾಡಿದವು.

ದೇಶ ಕುಸಿಯುತ್ತಿತ್ತಾ? ರಾಜ್ಯಗಳಿಂದ ಕೇಂದ್ರಕ್ಕೆ ಹೋಗುವ ಹದಿನೈದು ದಿನದ ವರದಿಗಳನ್ನು ಆಯೋಗ ತರಿಸಿ ನೋಡಿತು. ಕಾನೂನು ಸುವ್ಯವಸ್ಥೆ ಕೈಮೀರಿದೆ ಎಂಬ ಸೂಚನೆ ಅವುಗಳಲ್ಲಿ ಇರಲಿಲ್ಲ. ಆರ್ಥಿಕ ಸ್ಥಿತಿ ನೋಡಿದರೆ ಸಗಟು ಬೆಲೆಗಳು ಅದಾಗಲೇ ಕೆಲವು ತಿಂಗಳಿಂದ ಇಳಿಯುತ್ತಿದ್ದವು. ಗೃಹ ಇಲಾಖೆಯ ಕಾರ್ಯದರ್ಶಿಗೆ, ಸಂಪುಟ ಕಾರ್ಯದರ್ಶಿಗೆ, ಗುಪ್ತಚರ ಇಲಾಖೆಯ ಮುಖ್ಯಸ್ಥರಿಗೆ ಈ ನಿರ್ಧಾರದ ಬಗ್ಗೆ ಮೊದಲು ಗೊತ್ತೇ ಇರಲಿಲ್ಲ. ಗೃಹ ಮಂತ್ರಿಗೆ ಕರೆ ಬಂದದ್ದು ಆ ರಾತ್ರಿ ಹತ್ತೂವರೆಯ ಹೊತ್ತಿಗೆ. 1971ರ ಯುದ್ಧದ ಕಾಲದ ತುರ್ತುಪರಿಸ್ಥಿತಿ ಬೇರೆ ಇನ್ನೂ ಜಾರಿಯಲ್ಲೇ ಇತ್ತು.

ನನಗೆ ತುಂಬ ಗಟ್ಟಿ ಅನ್ನಿಸಿದ್ದು ಸಮಯದ ಬಗ್ಗೆ ಆಯೋಗ ಎತ್ತಿದ ಸರಳ ಪ್ರಶ್ನೆ. ಪ್ರಧಾನಿಯವರು ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯ ಜೊತೆ ರಾಷ್ಟ್ರಪತಿಗಳನ್ನು ಕಂಡದ್ದು ಸಂಜೆ ಐದರ ಸುಮಾರಿಗೆ. ಸಹಿ ಆದದ್ದು ಮಧ್ಯರಾತ್ರಿ ಹತ್ತಿರ. ಬೆಳಗಿನ ಜಾವ ತೊಂಬತ್ತು ನಿಮಿಷದಲ್ಲಿ ಸಂಪುಟ ಸೇರಿಸಲು ಆಗಿದ್ದರೆ, ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ಸೇರಿಸಲು ಯಾಕಾಗಲಿಲ್ಲ? ಇದಕ್ಕೆ ಭಾಷಣದಲ್ಲಿ ಉತ್ತರ ಕೊಡಲು ಬರುವುದಿಲ್ಲ. ಗಡಿಯಾರ ನೋಡಿ ಉತ್ತರ ಹೇಳಬೇಕು. ಆ ಉತ್ತರ ಅವರಿಂದ ಕೊನೆಯವರೆಗೂ ಬರಲಿಲ್ಲ.

ಯವತ್ಮಾಳದ ಮಾತು

ಪಟಿಯಾಲ ಹೌಸ್‌ನಲ್ಲಿ ಪ್ರಮಾಣ ನಿರಾಕರಿಸಿದ ಅದೇ ಜನವರಿ ತಿಂಗಳಲ್ಲಿ ಇಂದಿರಾ ಅವರು ಮಹಾರಾಷ್ಟ್ರದ ಯವತ್ಮಾಳದ ಸಭೆಯಲ್ಲಿ ತುರ್ತುಪರಿಸ್ಥಿತಿಯ ತಪ್ಪುಗಳಿಗೆ ಹೊಣೆ ನಾನೇ ಹೊರುತ್ತೇನೆ ಎಂದರು. ಇದು ಎರಡನೆಯ ತಿರುವು, ಇದರ ಹೆಣಿಗೆ ಸೂಕ್ಷ್ಮವಾದದ್ದು. ಅವರು ಹೊಣೆ ಹೊತ್ತದ್ದು ಅತಿರೇಕಗಳಿಗೆ. ಅಧಿಕಾರಿಗಳು ಮಾಡಿದ್ದು, ಕಾರ್ಯಕರ್ತರು ಮಾಡಿದ್ದು, ಕೆಳಗೆ ನಡೆದದ್ದು ಏನೇ ಇದ್ದರೂ ಮೇಲೆ ಇದ್ದವಳು ನಾನು ಎಂದರು. ಆದರೆ ತುರ್ತುಪರಿಸ್ಥಿತಿ ಹೇರಿದ್ದೇ ತಪ್ಪು ಎಂದು ಹೇಳಲಿಲ್ಲ.

ಕೇಳುವವರಿಗೆ ಇದು ದೊಡ್ಡ ಮನಸ್ಸಿನ ಮಾತಾಗಿ ಕಂಡಿತು. ಕೆಳಗಿನವರ ಮೇಲೆ ಬೆರಳು ತೋರಿಸಿ ನುಣುಚಿಕೊಳ್ಳದ ನಾಯಕಿ ಅನ್ನಿಸಿತು. ಆದರೆ ನಸ್‌ಬಂದಿ (ಸಂತಾನಹರಣ) ಶಿಬಿರದ ದೌರ್ಜನ್ಯಕ್ಕೆ ಹೊಣೆ ಹೊರುವುದೂ, ಆ ಶಿಬಿರವನ್ನು ಯಾರೂ ಪ್ರಶ್ನಿಸದ ಹಾಗೆ ಕೋರ್ಟು, ಪತ್ರಿಕೆ, ವಿರೋಧ ಪಕ್ಷ ಎಲ್ಲದರ ಬಾಯಿ ಕಟ್ಟಿದ ನಿರ್ಧಾರಕ್ಕೆ ಹೊಣೆ ಹೊರುವುದೂ ಒಂದೇ ಅಲ್ಲ, ಅಲ್ವಾ? 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟೇ, ಬಂಧಿತರು ಹೇಬಿಯಸ್ ಕಾರ್ಪಸ್ ಕೇಳುವ ಹಾಗಿಲ್ಲ, ಅಂದರೆ ತಮ್ಮ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಾಗಿಲ್ಲ ಎಂದಿತ್ತು. ಭಿನ್ನ ತೀರ್ಪು ಕೊಟ್ಟವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಬಾಗಿಲು ಮುಚ್ಚಿದ್ದರಿಂದಲೇ ಒಳಗೆ ಅತಿರೇಕ ನಡೆಯಿತು. ಬಾಗಿಲು ಮುಚ್ಚಿದ್ದು ಸರಿ, ಒಳಗೆ ನಡೆದದ್ದು ಮಾತ್ರ ತಪ್ಪು ಅನ್ನುವ ಮಾತನ್ನು ಒಪ್ಪುವುದು ನನ್ನಿಂದ ಆಗುವುದಿಲ್ಲ.

ಚಿಕ್ಕಮಗಳೂರು

ಈ ನಡುವೆ ರಾಜಕೀಯ ಬದಲಾಗುತ್ತಿತ್ತು. 1977ರ ಆಗಸ್ಟ್‌ನಲ್ಲಿ ಇಂದಿರಾ ಅವರು ಬಿಹಾರದ ಬೆಲ್ಚಿಗೆ ಹೋದರು. ದಲಿತರ ಹತ್ಯಾಕಾಂಡ ನಡೆದ ಆ ಹಳ್ಳಿಗೆ ಮಳೆ ಕೆಸರಿನಲ್ಲಿ ಕೊನೆಗೆ ಆನೆ ಮೇಲೆ ಹೋಗಬೇಕಾಯಿತು. 1978ರ ಜನವರಿಯಲ್ಲಿ ಕಾಂಗ್ರೆಸ್ ಒಡೆದು ಅವರದ್ದೇ ಪಕ್ಷವಾಯಿತು. ಮುಂದಿನ ತಿಂಗಳು ಕರ್ನಾಟಕ ವಿಧಾನಸಭೆಯಲ್ಲಿ ಆ ಹೊಸ ಪಕ್ಷ 149 ಸ್ಥಾನ ಗೆದ್ದಿತು. ದೇವರಾಜ ಅರಸು ಮತ್ತೆ ಮುಖ್ಯಮಂತ್ರಿಯಾದರು.

ಲೋಕಸಭೆಗೆ ಮರಳಲು ಅವರು ಆರಿಸಿಕೊಂಡದ್ದು ಚಿಕ್ಕಮಗಳೂರನ್ನು. ಅಲ್ಲಿನ ಸಂಸದರು ರಾಜೀನಾಮೆ ಕೊಟ್ಟು ಜಾಗ ಮಾಡಿಕೊಟ್ಟರು. ಜನತಾ ಪಕ್ಷದಿಂದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಂತರು. ಜಾರ್ಜ್ ಫರ್ನಾಂಡಿಸ್ ಅಂಥವರು ಬಂದು ಪ್ರಚಾರ ಮಾಡಿದರು. ದೇಶದ ಎಲ್ಲ ಪತ್ರಕರ್ತರೂ ಮಲೆನಾಡಿಗೆ ಬಂದಿದ್ದಾರೇನೋ ಅನ್ನುವ ಹಾಗಿತ್ತು. ಏಕ್ ಶೇರನಿ, ಸೌ ಲಂಗೂರ್ (ಒಂದು ಸಿಂಹಿಣಿ, ನೂರು ಕೋತಿ) ಎಂಬ ಹಿಂದಿ ಘೋಷಣೆ ಕಾಫಿ ತೋಟಗಳ ನಡುವೆ ಕೇಳಿಸಿತು. 1978ರ ನವೆಂಬರ್ 5ರಂದು ಮತದಾನ. ಇಂದಿರಾ ಅವರು 77,333 ಮತಗಳ ಅಂತರದಿಂದ ಗೆದ್ದರು.

ಇದನ್ನು ತುರ್ತುಪರಿಸ್ಥಿತಿಗೆ ಸಿಕ್ಕ ಕ್ಷಮೆ ಅಂತ ಎಷ್ಟೋ ಜನ ಬರೆದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಲ್ಲಿ ಮತಪೆಟ್ಟಿಗೆಗೆ ಬಿದ್ದದ್ದು ಬೇರೆಯದೇ ಲೆಕ್ಕ.

ಅದೇನೆಂದು ತಿಳಿಯಬೇಕಾದರೆ ಫಾರಂ ನಂಬರ್ 7 ನೆನಪಿಸಿಕೊಳ್ಳಬೇಕು. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆಯ ಪ್ರಕಾರ ಗೇಣಿದಾರ ಈ ಫಾರಂ ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಕರಾವಳಿಯಲ್ಲಿ ಇದಕ್ಕೆ ಡಿಕ್ಲರೇಷನ್ ಹಾಕುವುದು ಅನ್ನುತ್ತಾರೆ. ತಲೆಮಾರುಗಳಿಂದ ಧಣಿಗಳಿಗೆ ಗೇಣಿ ಅಳೆದವರು ತಾಲ್ಲೂಕು ಕಚೇರಿಯಲ್ಲಿ ನಿಂತು, ಈ ಗದ್ದೆ ನಾನು ಉಳುವುದು ಎಂದು ಬರೆದುಕೊಟ್ಟರು. ಉಳುವವನೇ ಹೊಲದೊಡೆಯ ಎಂಬ ಮಾತು ಪಹಣಿಗೆ ಇಳಿಯಿತು. ಈ ಕೆಲಸ ಮಾಡಿದ್ದು ಅರಸು ಸರ್ಕಾರ. ಆದರೆ ಗರೀಬಿ ಹಟಾವೊ, ಇಪ್ಪತ್ತು ಅಂಶಗಳ ಕಾರ್ಯಕ್ರಮ ಇವೆಲ್ಲದರ ಜೊತೆ ಸೇರಿ, ಜಮೀನು ಪಡೆದವರ ಮನಸ್ಸಿನಲ್ಲಿ ಅದು ಇಂದಿರಮ್ಮನ ಕೊಡುಗೆಯಾಗಿ ಕೂತಿತ್ತು. ಪ್ಲಾಂಟೇಷನ್‌ಗಳಿಗೆ ಕಾಯ್ದೆಯಲ್ಲಿ ವಿನಾಯಿತಿ ಇದ್ದದ್ದರಿಂದ ಕಾಫಿ ತೋಟದ ಕೂಲಿಯವರಿಗೆ ಈ ದಾರಿಯಲ್ಲಿ ಭೂಮಿ ಸಿಗಲಿಲ್ಲ ಅನ್ನುವುದನ್ನೂ ಹೇಳಬೇಕು. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದು ಅವರಿಗೂ ಗೊತ್ತಿತ್ತು.

ಇನ್ನೊಂದು ಕಡೆ, ಉತ್ತರದ ಹಳ್ಳಿಗಳು ಕಂಡ ನಸ್‌ಬಂದಿಯ ಭಯ, ದೆಹಲಿಯ ತುರ್ಕ್‌ಮನ್ ಗೇಟ್ ಕಂಡ ಬುಲ್ಡೋಜರ್ ಇಲ್ಲಿನ ಬಹಳಷ್ಟು ಜನರ ಅನುಭವಕ್ಕೆ ಆ ಪ್ರಮಾಣದಲ್ಲಿ ಬಂದಿರಲಿಲ್ಲ. ಹಾಗಂತ ಕರ್ನಾಟಕ ಸುಮ್ನೆ ಪಾರಾಗಿರಲಿಲ್ಲ. ಹೆಸರಾಂತ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಅಸ್ತಮಾದಿಂದ ನರಳಿ, ಪೆರೋಲ್ ಸಿಕ್ಕ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅವರ ಸಾವಿನ ಲೆಕ್ಕ ಯಾರು ಕೇಳಬೇಕು? ಗೇಣಿಯಿಂದ ಬಿಡುಗಡೆಯಾದ ಕುಟುಂಬ ತನ್ನ ಕೃತಜ್ಞತೆಯನ್ನು ಮತವಾಗಿ ಕೊಟ್ಟಿತು. ಅದರಲ್ಲಿ ತಪ್ಪು ಹುಡುಕುವುದು ಅನ್ಯಾಯ. ಆದರೆ ಆ ಮತ ಸ್ನೇಹಲತಾ ಅವರ ವಿಷಯದಲ್ಲಿ ಉತ್ತರವಾಗಲಾರದು. ಪಟಿಯಾಲ ಹೌಸ್‌ನಲ್ಲಿ ಕೇಳಿದ ಪ್ರಶ್ನೆಗೆ ಚಿಕ್ಕಮಗಳೂರು ಉತ್ತರ ಕೊಡಲಿಲ್ಲ, ಯಾಕೆಂದರೆ ಆ ಪ್ರಶ್ನೆಯನ್ನು ಅದರ ಮುಂದೆ ಯಾರೂ ಇಟ್ಟಿರಲಿಲ್ಲ. ಜನತಾ ನಾಯಕರು ವೇದಿಕೆ ಹತ್ತಿ ಸರ್ವಾಧಿಕಾರದ ಬಗ್ಗೆ ಮಾತಾಡಿದರು. ಗದ್ದೆಯ ಬಗ್ಗೆ ಮಾತಾಡುವವರಿಗೆ ಅದು ತಲುಪಲಿಲ್ಲ.

ಮತ್ತೆ ಅದೇ ತಪ್ಪು

ಚಿಕ್ಕಮಗಳೂರಿನ ಸೋಲಿನ ನಂತರವೂ ಜನತಾ ಪಕ್ಷ ಪಾಠ ಕಲಿಯಲಿಲ್ಲ. ಇಂದಿರಾ ಅವರ ಮಗ ಸಂಜಯ್ ಗಾಂಧಿಯವರ ಮಾರುತಿ ಕಂಪನಿಯ ಬಗ್ಗೆ ಸಂಸತ್ತಿಗಾಗಿ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಹಿಂದೆ ಅಡ್ಡಿಪಡಿಸಿದ್ದರು ಎಂಬ ಹಕ್ಕುಚ್ಯುತಿಯ ಆರೋಪದ ಮೇಲೆ 1978ರ ಡಿಸೆಂಬರ್ 19ರಂದು ಲೋಕಸಭೆ ಇಂದಿರಾ ಅವರನ್ನು ಉಚ್ಚಾಟಿಸಿತು. ಅಧಿವೇಶನ ಮುಗಿಯುವವರೆಗೆ ತಿಹಾರ್ ಜೈಲಿಗೂ ಕಳಿಸಿತು. ಚಿಕ್ಕಮಗಳೂರಿನ ಜನ ಆರಿಸಿ ಕಳಿಸಿ ಎರಡು ತಿಂಗಳೂ ಆಗಿರಲಿಲ್ಲ.

ಆರೋಪದಲ್ಲಿ ಹುರುಳಿರಬಹುದು. ಆದರೆ ಬಹುಮತದ ಪಕ್ಷವೇ ದೂರುದಾರ, ಅದೇ ನ್ಯಾಯಾಧೀಶ ಆದಾಗ ಶಿಕ್ಷೆಗೆ ಬೆಲೆ ಇರುವುದಿಲ್ಲ. ತುರ್ತುಪರಿಸ್ಥಿತಿಯ ಅಪರಾಧಗಳಿಗೆ ಅಂತ ವಿಶೇಷ ನ್ಯಾಯಾಲಯಗಳ ಕಾಯ್ದೆ ಬಂದದ್ದು 1979ರಲ್ಲಿ. ಅವು ಸರಿಯಾಗಿ ಕೆಲಸ ಮಾಡುವ ಮೊದಲೇ, ಜುಲೈಯಲ್ಲಿ, ಒಳಜಗಳದಿಂದ ಸರ್ಕಾರವೇ ಬಿತ್ತು. ಮೊದಲು ಮಾಡಬೇಕಾದದ್ದನ್ನು ಕೊನೆಗೆ, ಮಾಡಲೇಬಾರದ್ದನ್ನು ಮೊದಲಿಗೆ ಮಾಡಿದರು.

1980ರ ಜನವರಿಯಲ್ಲಿ ಇಂದಿರಾ ಅವರು 353 ಸ್ಥಾನಗಳೊಂದಿಗೆ ಮತ್ತೆ ಪ್ರಧಾನಿಯಾದರು. ಕರ್ನಾಟಕ 28ರಲ್ಲಿ 27 ಕೊಟ್ಟಿತು. ಅಷ್ಟೊತ್ತಿಗೆ ಅರಸು ಇಂದಿರಾ ಅವರಿಂದ ದೂರವಾಗಿದ್ದರು ಎನ್ನುವುದನ್ನು ಗಮನಿಸಿ. ಭೂಮಿ ಕೊಡಿಸಿದವರಿಗಿಂತ ಹೆಚ್ಚಾಗಿ, ಯಾರ ಹೆಸರಿನಲ್ಲಿ ಸಿಕ್ಕಿತೋ ಅವರಿಗೆ ಮತ ಬಿತ್ತು. 1981ರ ಮೇ ತಿಂಗಳಲ್ಲಿ ಹೊಸ ಲೋಕಸಭೆ ಹಳೆಯ ಉಚ್ಚಾಟನೆಯ ನಿರ್ಣಯವನ್ನು ರದ್ದು ಮಾಡಿತು. ಶಾ ಆಯೋಗದ ವರದಿ ಮಾತ್ರ ಎಲ್ಲೂ ಸಿಗದ ಹಾಗಾಯಿತು. ಪ್ರತಿ ಉಳಿಸಿಕೊಂಡಿದ್ದ ಮಾಜಿ ಸಂಸದರೊಬ್ಬರು ಅದನ್ನು ಮತ್ತೆ ಅಚ್ಚು ಹಾಕಿಸಿದ್ದು 2010ರಲ್ಲಿ.

ಈ ಪ್ರಕರಣ ಕಲಿಸುವುದು

ಚುನಾವಣೆ ಗೆದ್ದದ್ದನ್ನೇ ನೋಡಿದರೆ ಸಮರ್ಥನೆ ಯಶಸ್ವಿ ಅನ್ನಬೇಕಾಗುತ್ತದೆ. ವರದಿ ಓದಿದರೆ ಸಮರ್ಥನೆ ನಡೆದೇ ಇಲ್ಲ ಅನ್ನಿಸುತ್ತದೆ. ನಾನು ಎರಡನೆಯದರ ಪರ. ಮತದಾರ ಯಾರು ಆಳಬೇಕು ಅಂತ ಹೇಳುತ್ತಾನೆ. ಜೂನ್ 25ರ ಸಂಜೆ ಐದರಿಂದ ಹನ್ನೊಂದರವರೆಗೆ ಏನಾಯಿತು ಎಂದು ಹೇಳುವುದು ಅವನ ಕೆಲಸ ಅಲ್ಲ, ಅದು ಅವನಿಗೆ ಗೊತ್ತಿರುವುದೂ ಇಲ್ಲ. ಗೆದ್ದ ನಾಯಕರು ಜನ ನನ್ನನ್ನು ಒಪ್ಪಿದ್ದಾರೆ ಅಂದಾಗ, ಯಾವ ವಿಷಯಕ್ಕೆ ಒಪ್ಪಿದ್ದಾರೆ ಅಂತ ಪತ್ರಕರ್ತರು ಕೇಳಲೇಬೇಕು.

ಆಯೋಗ ನಡೆಸುವವರಿಗೆ ಬೇಕಾದದ್ದು ತಾಳ್ಮೆ. ದೊಡ್ಡ ವ್ಯಕ್ತಿಯ ಬಾಯಿಂದ ಒಪ್ಪಿಗೆ ಬರಲಿ ಅಂತ ಕಾಯಬಾರದು. ಇಲ್ಲಿ ಸತ್ಯ ಹೊರಬಂದದ್ದು ಟಿಪ್ಪಣಿ, ಪತ್ರ, ಲಾಗ್‌ಬುಕ್, ಕೆಳಗಿನ ಅಧಿಕಾರಿಗಳ ಹೇಳಿಕೆಗಳಿಂದ. ಆಯೋಗ ನೇಮಿಸಿದ ಸರ್ಕಾರಕ್ಕೆ ಬೇಕಾದದ್ದು ಸಂಯಮ. ವಿಚಾರಣೆ ನಡೆಯುತ್ತಿರುವಾಗ ಪಕ್ಕದಲ್ಲೇ ಬಂಧನ, ಉಚ್ಚಾಟನೆ ಅಂತ ಹೊರಟರೆ ಆಯೋಗದ ಮಾತಿಗೂ ರಾಜಕೀಯದ ಬಣ್ಣ ಬರುತ್ತದೆ.

ಆದರೂ ಈ ಪ್ರಕರಣದಲ್ಲಿ ಗಟ್ಟಿಯಾಗಿ ಉಳಿದದ್ದು ಒಂದಿದೆ. ಇಂದಿರಾ ಅವರ ವಾದ, ನಾನು ಸಂವಿಧಾನದಲ್ಲಿ ಇದ್ದದ್ದನ್ನೇ ಬಳಸಿದೆ ಎನ್ನುವುದು. ಆ ಮಾತು ಬಹುಮಟ್ಟಿಗೆ ನಿಜವೇ ಆಗಿತ್ತು, ಭಯ ಇದ್ದದ್ದೂ ಅಲ್ಲೇ. ಹಾಗಾಗಿ 1978ರ 44ನೇ ತಿದ್ದುಪಡಿ ಅದೇ ಜಾಗಕ್ಕೆ ಕೈ ಹಾಕಿತು. ಆಂತರಿಕ ಗಲಭೆ ಎಂಬ ಕಾರಣ ಹೋಯಿತು, ಸಶಸ್ತ್ರ ಬಂಡಾಯ ಆಗಿರಲೇಬೇಕು ಎಂದಾಯಿತು. ಒಂದು ತಿಂಗಳೊಳಗೆ ಸಂಸತ್ತಿನ ಎರಡೂ ಸದನಗಳು ವಿಶೇಷ ಬಹುಮತದಿಂದ ಒಪ್ಪಬೇಕು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಯ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವ ಹಾಗಿಲ್ಲ. 12ನೇ ನಿಯಮದ ವಿನಾಯಿತಿಗೂ ಅಲ್ಲಿಗೆ ಬಾಗಿಲು ಮುಚ್ಚಿತು: ಸಂಪುಟದ ನಿರ್ಧಾರ ಬರವಣಿಗೆಯಲ್ಲಿ ಬಂದ ಹೊರತು ರಾಷ್ಟ್ರಪತಿಗಳು ತುರ್ತುಪರಿಸ್ಥಿತಿ ಘೋಷಿಸುವ ಹಾಗಿಲ್ಲ. 1980ರಲ್ಲಿ ಭಾರಿ ಬಹುಮತದಿಂದ ಮರಳಿದ ಮೇಲೂ ಈ ಸಾಲುಗಳನ್ನು ಯಾರೂ ಅಳಿಸಲಿಲ್ಲ. ಅವು ಇವತ್ತಿಗೂ 352ನೇ ವಿಧಿಯಲ್ಲಿ ಹಾಗೇ ಇವೆ.